ಯಾವ ಪಾತ್ರದಲ್ಲೂ ಅವನು ಅವನೇ: ಆದರೂ ಮತ್ತೆ ಮತ್ತೆ ನೋಡುತ್ತೇವಲ್ಲ, ಯಾಕೆ?

ಮೂಕಪ್ರೇಕ್ಷಕ (ಚರ್ಚೆ ಆರಂಭಿಸಿದವರು)

ಒಬ್ಬ ನಟನನ್ನು ತಳ್ಳಿಹಾಕಬೇಕಾದಾಗ ನಮ್ಮ ಬಾಯಲ್ಲಿ ಸಿದ್ಧವಾಗಿರುವ ಮಾತು ಒಂದಿದೆ: "ಯಾವ ಪಾತ್ರ ಕೊಟ್ಟರೂ ಅವನು ಅವನೇ." ಹೀಗೆ ಹೇಳಿದವರೇ ಅದೇ ನಟನ ಮುಂದಿನ ಸಿನಿಮಾಕ್ಕೆ ಹೋಗಿ ಕುಳಿತುಕೊಳ್ಳುತ್ತಾರೆ, ತೃಪ್ತಿಯಿಂದ ಎದ್ದು ಬರುತ್ತಾರೆ. ಆ ತೃಪ್ತಿ ಎಲ್ಲಿಂದ ಬಂತು? ಪ್ರೇಕ್ಷಕರ ಸೋಮಾರಿತನ ಎಂದು ಹೇಳಿ ಮುಗಿಸಿಬಿಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ಅಭಿನಯವೆಂದರೆ ರೂಪಾಂತರ ಎಂಬ ನಂಬಿಕೆ ಆಳವಾಗಿ ಬೇರೂರಿದೆ. 1980ರ ಚಿತ್ರವೊಂದರಲ್ಲಿ ಬಾಕ್ಸರ್ ಒಬ್ಬನ ಇಳಿಗಾಲವನ್ನು ತೋರಿಸಲು ರಾಬರ್ಟ್ ಡಿ ನಿರೋ ಸುಮಾರು 27 ಕಿಲೋ ತೂಕ ಹೆಚ್ಚಿಸಿಕೊಂಡರು. ಶಿವಾಜಿ ಗಣೇಶನ್ 1964ರಲ್ಲಿ ಒಂದೇ ಚಿತ್ರದಲ್ಲಿ ಒಂಬತ್ತು ಪಾತ್ರ ಮಾಡಿದರು, ಕಮಲ್ ಹಾಸನ್ 2008ರಲ್ಲಿ ಹತ್ತು. ಇವೆಲ್ಲ ದೊಡ್ಡ ಸಾಧನೆಗಳೇ. ಆದರೆ ಇವನ್ನೇ ಅಳತೆಗೋಲು ಮಾಡಿಕೊಂಡರೆ ನಮಗೆ ನಿಜವಾಗಿ ಹತ್ತಿರವಾದ ಅರ್ಧದಷ್ಟು ನಟರು ಲೆಕ್ಕಕ್ಕೇ ಸಿಗುವುದಿಲ್ಲ.

ಅನಂತ್ ನಾಗ್ ಅವರನ್ನು ನೋಡಿ. 1974ರ 'ಅಂಕುರ್'ನಲ್ಲಿ ಜಮೀನ್ದಾರನ ಮಗ, 1982ರ 'ಬರ'ದಲ್ಲಿ ಆಡಳಿತಾಧಿಕಾರಿ, ಆಮೇಲಿನ ಹಾಸ್ಯ ಚಿತ್ರಗಳಲ್ಲಿ ಪೇಚಿಗೆ ಸಿಕ್ಕ ಮಧ್ಯಮವರ್ಗದ ನಾಯಕ, 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು'ವಿನಲ್ಲಿ ಅಲ್ಝೈಮರ್ಸ್ ಕಾಯಿಲೆಗೆ ತುತ್ತಾದ ತಂದೆ. ದನಿಯನ್ನು ಅವರು ಎಲ್ಲೂ ಮರೆಮಾಡುವುದಿಲ್ಲ. ಮಾತಿನ ಮಧ್ಯೆ ತುಸು ತಡೆದು ಮುಂದುವರಿಯುವ ರೀತಿಯೂ ಅವರದ್ದೇ. ಈ ಕೊನೆಯ ಚಿತ್ರದಲ್ಲಿ ಆ ದನಿ ದಾರಿ ತಪ್ಪಿದಾಗ ನಮಗೆ ಅಷ್ಟು ನೋವಾಗುವುದು ಯಾಕೆ? ಪಾತ್ರ ತನ್ನನ್ನು ತಾನು ಮರೆಯುತ್ತಿದೆ, ನಾವು ಅವರನ್ನು ಮರೆತಿಲ್ಲ. ನಾಲ್ಕು ದಶಕಗಳಿಂದ ಬಲ್ಲ ಮನುಷ್ಯನೊಬ್ಬ ಕಣ್ಣೆದುರೇ ಕಳೆದುಹೋಗುತ್ತಿದ್ದಾನೆ. ಗುರುತು ಸಿಗದಷ್ಟು ಬದಲಾಗುವ ನಟ ಎಷ್ಟೇ ಪ್ರತಿಭಾವಂತನಾಗಿದ್ದರೂ ಈ ನೋವನ್ನು ನಮಗೆ ಕೊಡಲಾರ, ಏಕೆಂದರೆ ಅವನನ್ನು ಕಳೆದುಕೊಳ್ಳುವಷ್ಟು ನಾವು ಬಲ್ಲವರಾಗಿರುವುದಿಲ್ಲ.

ನನ್ನ ವಾದ ಇಷ್ಟು: ನಟ ಬದಲಾಗದೆ ನಿಂತಾಗ ಅವನ ಸುತ್ತಲಿನ ಸನ್ನಿವೇಶ ಎದ್ದು ಕಾಣುತ್ತದೆ. ಈ ಮನುಷ್ಯ ಯಾರು ಎಂದು ಹುಡುಕುವ ಕೆಲಸ ಮುಗಿದಿರುತ್ತದೆ. ಇಂಥ ಮನುಷ್ಯನಿಗೆ ಇಂಥದ್ದು ಎದುರಾದರೆ ಏನು ಮಾಡುತ್ತಾನೆ ಎಂಬ ಕುತೂಹಲ ಮೊದಲ ದೃಶ್ಯದಿಂದಲೇ ಶುರುವಾಗುತ್ತದೆ.

ಅರ್ಥಪ್ರಿಯ

ನಿಮ್ಮ ಮಾತಿಗೆ, ಯಕ್ಷಗಾನದ ಕಥೆಯನ್ನು ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆಗಿಂತ ಒಳ್ಳೆಯ ಸಾಕ್ಷಿ ಬೇರೆ ಬೇಕಿಲ್ಲ. ಅಲ್ಲಿ ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಪಂಚೆ ಶಾಲಿನಲ್ಲಿ ಕುಳಿತ ಅರ್ಥಧಾರಿ ಭಾಗವತರ ಪದ್ಯ ಮುಗಿಯುತ್ತಲೇ ಮಾತಿಗೆ ತೊಡಗುತ್ತಾರೆ. ಒಂದು ದಿನ ಅವರು ರಾಮ, ಇನ್ನೊಂದು ದಿನ ವಾಲಿ. ಮುಖ, ದನಿ, ಕುಳಿತ ಭಂಗಿ ಎಲ್ಲವೂ ಅದೇ. ಆದರೂ "ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ" ಎಂದು ವಾಲಿಯ ಪಕ್ಷ ಹಿಡಿದು ಕೇಳುವಾಗ ಆ ಮನುಷ್ಯ ನಿಜವಾಗಿಯೂ ಬೇರೆಯವರಾಗುತ್ತಾರೆ. ಬದಲಾದದ್ದು ಅವರು ನಿಂತ ನೆಲೆ, ವಾದದ ದಿಕ್ಕು.

ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ಕೇಳಲು ಹೋದವರು ಕಥೆಗಾಗಿ ಹೋದವರಲ್ಲ. ಕಥೆ ಎಲ್ಲರಿಗೂ ಗೊತ್ತಿತ್ತು. ಶೇಣಿಯವರ ತರ್ಕದ ದಾರಿಯೂ ಬಹುಮಟ್ಟಿಗೆ ಗೊತ್ತಿತ್ತು. ಇಂದು, ಈ ಎದುರಾಳಿಯ ಮುಂದೆ, ಅದೇ ಬುದ್ಧಿ ಯಾವ ಹೊಸ ತಿರುವು ತೆಗೆದುಕೊಳ್ಳುತ್ತದೆ ಎಂಬುದೇ ಅಲ್ಲಿನ ರಸ. ಪಾತ್ರದೊಳಗೆ ಪೂರ್ತಿ ಮುಚ್ಚಿಹೋದ ಶೇಣಿಯವರು ಆ ಸಭೆಗೆ ಬೇಕಾಗಿರಲಿಲ್ಲ.

ಇಟಲಿಯಲ್ಲಿ 16ನೇ ಶತಮಾನದಿಂದ ಬೆಳೆದ ಕೊಮೆದಿಯಾ ದೆಲ್ಲಾರ್ತೆ ನಾಟಕಗಳಲ್ಲೂ ಹೀಗೆಯೇ. ಜಿಪುಣ ಮುದುಕ ಪಾಂತಲೋನೆ, ಚುರುಕು ಆಳು ಆರ್ಲೆಕಿನೊ, ಬಡಾಯಿಕೋರ ಕಪಿತಾನೊ ಹೀಗೆ ಮುಖವಾಡಗಳು ನಿಗದಿಯಾಗಿದ್ದವು. ನಟರಲ್ಲಿ ಅನೇಕರು ಒಂದೇ ಮುಖವಾಡವನ್ನು ಜೀವನವಿಡೀ ನಿರ್ವಹಿಸಿದರು. ಮಾತನ್ನು ಮಾತ್ರ ವೇದಿಕೆಯ ಮೇಲೇ ಕಟ್ಟುತ್ತಿದ್ದರು. ಪಾತ್ರಕ್ಕೊಂದು ಹೊಸ ಮನುಷ್ಯನನ್ನು ಬಯಸುವುದೇ ರಂಗಭೂಮಿಯ ಇತಿಹಾಸದಲ್ಲಿ ಈಚಿನ ಅಭ್ಯಾಸ ಎನ್ನಬೇಕು.

ಸಂಕಲನಕಾರ

ಕೆಲಸದ ಮೇಜಿನಿಂದ ಒಂದು ಮಾತು. ಹೊಸ ಮುಖವಾದರೆ ಅವನು ಒಳ್ಳೆಯವನೋ, ಮುಂಗೋಪಿಯೋ, ನಂಬಬಹುದಾದವನೋ ಎಂದು ತಿಳಿಸಲು ಆರಂಭದಲ್ಲೇ ಎರಡು ಮೂರು ದೃಶ್ಯ ಬೇಕು. ಪರಿಚಿತ ನಟ ಬಾಗಿಲು ತೆರೆದು ಒಳಗೆ ಬಂದರೆ ಸಾಕು. ನರಸಿಂಹರಾಜು ತೆರೆಗೆ ಬಂದ ಕೂಡಲೇ, ಇನ್ನೂ ಬಾಯಿ ತೆರೆಯುವ ಮೊದಲೇ, ಪ್ರೇಕ್ಷಕರ ಮುಖ ಅರಳುತ್ತಿತ್ತು. ಅಷ್ಟು ಹೊತ್ತಿನ ಕಥೆ ಉಳಿಯಿತು, ಉಳಿದ ಹೊತ್ತನ್ನು ಬೇರೆಡೆ ಖರ್ಚು ಮಾಡಬಹುದು.

ಇನ್ನೊಂದು. ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ ನಡೆಸಿದ ಪ್ರಯೋಗದ ಬಗ್ಗೆ ಇಲ್ಲಿ ಅನೇಕರು ಕೇಳಿರುತ್ತೀರಿ. ಮೊಸ್ಜುಖಿನ್ ಎಂಬ ನಟನ ಒಂದೇ ಶಾಟನ್ನು ಸೂಪಿನ ಬಟ್ಟಲಿನ ಪಕ್ಕ, ಶವಪೆಟ್ಟಿಗೆಯ ಪಕ್ಕ, ಹೀಗೆ ಬೇರೆ ಬೇರೆ ಚಿತ್ರಗಳ ಪಕ್ಕ ಜೋಡಿಸಿದರೆ ನೋಡುವವರಿಗೆ ಆ ಮುಖದಲ್ಲೇ ಹಸಿವು, ದುಃಖ ಕಾಣಿಸುತ್ತದೆ ಎಂಬುದು ಅದರ ಸಾರ. ಮೂಕಿ ಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್ ತನ್ನ ಕಲ್ಲಿನಂಥ ಮುಖದಿಂದ ಇಡೀ ವೃತ್ತಿಜೀವನ ಕಟ್ಟಿದ್ದು ಈ ಶಕ್ತಿಯ ಮೇಲೆ. ಮನೆಯ ಗೋಡೆ ಮೈಮೇಲೆ ಬಿದ್ದರೂ ಕೀಟನ್ ಮುಖ ಕದಲುವುದಿಲ್ಲ. ಗಾಬರಿಯೆಲ್ಲ ನಮ್ಮದು. ನಟ ಎಲ್ಲವನ್ನೂ ತಾನೇ ಮಾಡಿ ತೋರಿಸಿದರೆ ನಮಗೆ ಮಾಡಲು ಏನೂ ಉಳಿಯುವುದಿಲ್ಲ.

ಮನೋವಿಜ್ಞಾನ ವಿದ್ಯಾರ್ಥಿ

ಇದಕ್ಕೆ ಸರಳ ವಿವರಣೆಯೂ ಇದೆ. ರಾಬರ್ಟ್ ಝಯಾನ್ಸ್ 1968ರಲ್ಲಿ ತೋರಿಸಿದಂತೆ, ಒಂದು ವಸ್ತುವನ್ನು ಪದೇ ಪದೇ ನೋಡಿದಷ್ಟಕ್ಕೇ ಅದರ ಮೇಲೆ ನಮಗೆ ಒಲವು ಬೆಳೆಯುತ್ತದೆ. ಅದಕ್ಕೂ ಮೊದಲು, 1956ರಲ್ಲಿ, ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಅವರು ರೇಡಿಯೊ, ಟೆಲಿವಿಷನ್‌ಗಳಲ್ಲಿ ಕಾಣಿಸಿಕೊಳ್ಳುವವರ ಜೊತೆ ನೋಡುಗರಲ್ಲಿ ಒಮ್ಮುಖದ ಸ್ನೇಹ ಬೆಳೆಯುವುದನ್ನು ವಿವರಿಸಿದ್ದರು. ತೆರೆಯ ಮೇಲಿನವರಿಗೆ ನಾವು ಯಾರೆಂದೇ ಗೊತ್ತಿಲ್ಲ, ನಮಗೆ ಮಾತ್ರ ಅವರು ಆಪ್ತರು. ಪ್ರತಿ ಸಲವೂ ಬೇರೆಯವನಾಗಿ ಬರುವವನೊಡನೆ ಇಂಥ ಸ್ನೇಹ ಬೆಳೆಯುವುದು ಕಷ್ಟ.

ಮೂಕಪ್ರೇಕ್ಷಕ

ಇದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಪದೇ ಪದೇ ನೋಡಿದ್ದರಿಂದಲೇ ಒಲವು ಬರುವುದಾದರೆ ಹತ್ತಾರು ಚಿತ್ರಗಳಲ್ಲಿ ಕಂಡರೂ ಮನಸ್ಸಿಗೆ ಹತ್ತದ ನಟರು ಇರಲೇಬಾರದಿತ್ತು. ಪರಿಚಯ ಬಾಗಿಲು ತೆರೆಯುತ್ತದೆ, ಸರಿ. ಒಳಗೆ ಏನಿದೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಹಳೆಯ ರೀಲು

"ಅವನು ತನ್ನನ್ನೇ ತಾನು ನಟಿಸುತ್ತಾನೆ" ಎಂಬ ಆರೋಪದ ಬಗ್ಗೆ ಹೇಳಲೇಬೇಕು, ಏಕೆಂದರೆ ಅದು ಬಹುಪಾಲು ಸುಳ್ಳು. ಕ್ಯಾರಿ ಗ್ರಾಂಟ್ ಅವರಷ್ಟು ಒಂದೇ ರೀತಿ ಕಾಣುವ ನಟ ಇನ್ನೊಬ್ಬರಿಲ್ಲ ಎನ್ನುತ್ತಾರೆ. ಆ ನಯವಾದ, ಚೊಕ್ಕ ಉಡುಪಿನ, ಎಲ್ಲಿಯವನೆಂದು ಹೇಳಲಾಗದ ಉಚ್ಚಾರಣೆಯ ಮನುಷ್ಯ ಹುಟ್ಟಿದ್ದು 1904ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್‌ನ ಬಡ ಮನೆಯಲ್ಲಿ, ಆರ್ಚಿಬಾಲ್ಡ್ ಲೀಚ್ ಎಂಬ ಹೆಸರಿನಿಂದ. ಹುಡುಗನಾಗಿದ್ದಾಗಲೇ ಅಂಗಸಾಧನೆಯ ತಂಡವೊಂದನ್ನು ಸೇರಿ ಲಾಗ ಹಾಕುವುದನ್ನು ಕಲಿತರು. ಕ್ಯಾರಿ ಗ್ರಾಂಟ್ ಎಂಬಾತನನ್ನು ಅವರು ಕಟ್ಟಿದರು, ವರ್ಷಗಳ ಕಾಲ ತಿದ್ದಿದರು. ನಾವು "ಅವನು ಅವನೇ" ಎನ್ನುವುದು ಆ ಕಟ್ಟೋಣ ಎಷ್ಟು ಚೆನ್ನಾಗಿ ನಿಂತಿದೆ ಎಂಬುದಕ್ಕೆ ಗುರುತು. ಎಪ್ಪತ್ತಕ್ಕೂ ಹೆಚ್ಚು ಚಿತ್ರಗಳಾದರೂ ಯಾವ ಪಾತ್ರಕ್ಕೂ ಅವರಿಗೆ ಆಸ್ಕರ್ ಸಿಗಲಿಲ್ಲ. 1970ರಲ್ಲಿ ಕೊಟ್ಟದ್ದು ಗೌರವ ಪ್ರಶಸ್ತಿ. ಶ್ರಮ ಕಾಣಿಸಿದರೆ ಮಾತ್ರ ಶ್ರಮ ಎಂದು ಒಪ್ಪುವ ಅಭ್ಯಾಸ ತೀರ್ಪುಗಾರರಿಗೂ ಇದೆ, ನಮಗೂ ಇದೆ.

ಹೀಗೆ ಕಟ್ಟಿದ ಗುರುತಿಗೆ ಬೆಲೆಯನ್ನೂ ತೆರಬೇಕಾಗುತ್ತದೆ. 1927ರ ಮೂಕಿ ಚಿತ್ರದಲ್ಲಿ ನಿರ್ದೇಶಕ ಹಿಚ್‌ಕಾಕ್ ಅವರಿಗೆ ಬಾಡಿಗೆದಾರನೇ ಕೊಲೆಗಾರನೋ ಅಲ್ಲವೋ ಎಂಬುದನ್ನು ಅಸ್ಪಷ್ಟವಾಗಿ ಬಿಡುವ ಆಸೆಯಿತ್ತು. ನಾಯಕನಾಗಿದ್ದ ಐವರ್ ನೊವೆಲ್ಲೊ ಜನಪ್ರಿಯ ತಾರೆ. ತಾರೆ ಕೊಲೆಗಾರನಾಗಲು ಬರುವುದಿಲ್ಲವೆಂದು ಅವನನ್ನು ನಿರಪರಾಧಿ ಮಾಡಬೇಕಾಯಿತು. 1941ರಲ್ಲಿ ಕ್ಯಾರಿ ಗ್ರಾಂಟ್ ನಾಯಕನಾಗಿದ್ದ ಚಿತ್ರದ ಅಂತ್ಯಕ್ಕೂ ಇದೇ ಗತಿ ಬಂತೆಂದು ಹಿಚ್‌ಕಾಕ್ ಮುಂದೆ ಹೇಳಿಕೊಂಡರು. ಪ್ರೇಕ್ಷಕರಿಗೆ ಪ್ರಿಯವಾದ ಸಾಮ್ಯ ಕಥೆಯ ಕುತ್ತಿಗೆ ಹಿಡಿದ ಉದಾಹರಣೆಗಳಿವು.

ಅದೇ ಗುರುತನ್ನು ಒಡೆದು ತೋರಿಸಿದವರು ಸೆರ್ಜಿಯೊ ಲಿಯೋನೆ. 1968ರ ತಮ್ಮ ವೆಸ್ಟರ್ನ್ ಚಿತ್ರದಲ್ಲಿ ಕ್ರೂರ ಕೊಲೆಗಾರನ ಪಾತ್ರಕ್ಕೆ ಹೆನ್ರಿ ಫೋಂಡಾ ಅವರನ್ನೇ ಕರೆಸಿದರು. ದಶಕಗಳ ಕಾಲ ನ್ಯಾಯದ ಪರ ನಿಂತ ಮುಖ ಅದು. ಖಳನಂತೆ ಕಾಣಲೆಂದು ಫೋಂಡಾ ಮೀಸೆ ಬಿಟ್ಟು, ಕಂದು ಬಣ್ಣದ ಲೆನ್ಸ್ ಹಾಕಿಕೊಂಡು ಬಂದರು. ಲಿಯೋನೆ ಎರಡನ್ನೂ ತೆಗೆಸಿದರು. ಒಂದು ಕುಟುಂಬವನ್ನೇ ಗುಂಡಿಟ್ಟು ಕೊಂದವನ ಸುತ್ತ ಕ್ಯಾಮೆರಾ ತಿರುಗಿ ಬಂದಾಗ ಕಾಣುವುದು ನಾವು ನಂಬಿದ್ದ ಅವೇ ನೀಲಿ ಕಣ್ಣುಗಳು. ನಟ ರೂಪಾಂತರಗೊಂಡಿದ್ದರೆ ಆ ದೃಶ್ಯಕ್ಕೆ ಅಷ್ಟು ಭಯಂಕರ ಶಕ್ತಿ ಬರುತ್ತಿರಲಿಲ್ಲ.

ಹವ್ಯಾಸಿ ನಟಿ

ಇಷ್ಟು ಹೊತ್ತು ಓದುತ್ತಿದ್ದೆ. ಇಲ್ಲಿ ಬಂದ ಹೆಸರುಗಳನ್ನು ಒಮ್ಮೆ ನೋಡಿ. ಬಹುತೇಕ ಎಲ್ಲರೂ ಗಂಡಸರು, ಅದರಲ್ಲೂ ನಾಯಕರೇ ಹೆಚ್ಚು. ಒಂದೇ ರೀತಿ ಇರುವುದು ನಾಯಕನಿಗೆ ವ್ಯಕ್ತಿತ್ವವಾಗುತ್ತದೆ, ಉಳಿದವರಿಗೆ ಬೇಲಿಯಾಗುತ್ತದೆ. ಈ ವ್ಯತ್ಯಾಸವನ್ನು ಬದಿಗಿಟ್ಟು ಸಾಮ್ಯದ ಸೊಗಸನ್ನು ಹೊಗಳಲು ನನಗೆ ಸಾಧ್ಯವಿಲ್ಲ.

1940ರಲ್ಲಿ ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆ ಹ್ಯಾಟಿ ಮ್ಯಾಕ್‌ಡೇನಿಯಲ್. ಪ್ರಶಸ್ತಿ ಬಂದದ್ದು ಮನೆಗೆಲಸದವಳ ಪಾತ್ರಕ್ಕೆ. ಅದಕ್ಕೆ ಮೊದಲೂ ಅವರಿಗೆ ಸಿಗುತ್ತಿದ್ದುದು ಅಂಥ ಪಾತ್ರಗಳೇ, ಆಮೇಲೂ ಅವೇ. ಚೀನೀ ಮೂಲದ ಅಮೆರಿಕನ್ ನಟಿ ಅನ್ನಾ ಮೇ ವಾಂಗ್ ಅವರದ್ದು ಇನ್ನೂ ಕಹಿ ಅನುಭವ. ಚೀನಾದ ರೈತ ಕುಟುಂಬದ ಕಥೆಯೊಂದು ಹಾಲಿವುಡ್‌ನಲ್ಲಿ 1937ರಲ್ಲಿ ಚಿತ್ರವಾದಾಗ ನಾಯಕಿಯ ಪಾತ್ರ ಯುರೋಪಿನ ಬಿಳಿಯ ನಟಿ ಲೂಯಿಸ್ ರೈನರ್ ಅವರ ಪಾಲಾಯಿತು. ವಾಂಗ್ ಅವರ ಮುಂದಿಟ್ಟದ್ದು ಸಂಸಾರ ಕೆಡಿಸುವ ಹೆಣ್ಣಿನ ಪಾತ್ರ. ಅವರು ಅದನ್ನು ನಿರಾಕರಿಸಿದರು. ಇವರು ಒಂದೇ ರೀತಿ ಕಂಡರೆ ಅದು ಅವರು ಕಟ್ಟಿಕೊಂಡ ಗುರುತಲ್ಲ, ಹೊರಗಿನಿಂದ ಹಚ್ಚಿದ್ದು. ಪ್ರೇಕ್ಷಕರು ಅದನ್ನೂ ಆನಂದದಿಂದಲೇ ನೋಡಿದರು ಎಂಬುದನ್ನು ಮರೆಯಬಾರದು. ನಮ್ಮ ಆನಂದಕ್ಕೆ ಕೆಲವೊಮ್ಮೆ ನಮ್ಮ ಪೂರ್ವಗ್ರಹವೇ ಕಾರಣ. ಹಳ್ಳಿಯವಳು ಹೀಗೆಯೇ ಇರಬೇಕು, ದಪ್ಪಗಿರುವವನು ನಗಿಸಲೇಬೇಕು ಎಂದು ಮೊದಲೇ ಅಂದುಕೊಂಡಿರುತ್ತೇವೆ. ತೆರೆ ಅದಕ್ಕೆ ಹೌದೆನ್ನುತ್ತದೆ, ನಾವು ನಿರಾಳವಾಗುತ್ತೇವೆ.

ಮೂಕಪ್ರೇಕ್ಷಕ

ಈ ಮಾತು ಚರ್ಚೆಗೆ ಬೇಕಿತ್ತು. ನಾನು ಹೇಳಹೊರಟ ಸಾಮ್ಯಕ್ಕೆ ಒಂದು ಷರತ್ತು ಬೇಕು ಎಂದು ಇದರಿಂದ ಸ್ಪಷ್ಟವಾಗುತ್ತದೆ: ಸನ್ನಿವೇಶಗಳು ಬದಲಾಗಬೇಕು. ಅನಂತ್ ನಾಗ್ ಅವರಿಗೆ ಜಮೀನ್ದಾರನ ಮಗನೂ ಸಿಕ್ಕಿದ, ಮರೆವಿನ ತಂದೆಯೂ ಸಿಕ್ಕಿದ. ಒಬ್ಬರಿಗೆ ಅದೇ ಅಡುಗೆಮನೆ, ಅದೇ ನಾಲ್ಕು ಸಾಲಿನ ಮಾತು ಮಾತ್ರ ಸಿಕ್ಕರೆ ಅಲ್ಲಿ ನಟರ ಗುರುತು ಬೆಳೆಯಲು ಜಾಗವೇ ಇಲ್ಲ.

ಹೊಸ ಸದಸ್ಯ

ಒಂದೇ ರಾಗವನ್ನು ಗಾಯಕ ಪ್ರತಿ ಕಛೇರಿಯಲ್ಲೂ ಹೊಸದಾಗಿ ಬೆಳೆಸುತ್ತಾನಲ್ಲ, ಇದೂ ಹಾಗೆಯೇ ಅಲ್ಲವೇ?

ಅರ್ಥಪ್ರಿಯ

ಹೋಲಿಕೆ ಸುಲಭವಾಗಿ ಕೈಗೆ ಸಿಗುತ್ತದೆ, ಆದರೆ ಪೂರ್ತಿ ಹೊಂದುವುದಿಲ್ಲ. ರಾಗ ಗಾಯಕನ ಸ್ವತ್ತಲ್ಲ, ಯಾರು ಬೇಕಾದರೂ ಹಾಡಬಹುದು. ನಟನ ಗುರುತು ಅವನ ದೇಹದ ಜೊತೆ ಬಂದದ್ದು, ಅವನ ಜೊತೆಗೇ ಹೋಗುವುದು. ಅನುಕರಿಸುವವರು ಅದರ ಹೊರಗನ್ನು ಮಾತ್ರ ಹಿಡಿಯಬಲ್ಲರು.

ಹಳೆಯ ರೀಲು

ಇಲ್ಲಿ ರಾಜ್‌ಕುಮಾರ್ ಅವರ ಮಾತು ಬರದಿದ್ದರೆ ಚರ್ಚೆ ಅಪೂರ್ಣ. ಅವರು ನಾವು ಮಾಡಿಕೊಂಡ ಎರಡೂ ಗುಂಪುಗಳಿಗೆ ಸೇರುವುದಿಲ್ಲ. ಇನ್ನೂರಕ್ಕೂ ಹೆಚ್ಚು ಚಿತ್ರಗಳು, ಬೇಡರ ಕಣ್ಣಪ್ಪನಿಂದ ಹಿಡಿದು ಪತ್ತೇದಾರನವರೆಗೆ, ರಾಜನಿಂದ ಹಿಡಿದು ರೈತನವರೆಗೆ. ವೈವಿಧ್ಯಕ್ಕೆ ಕೊರತೆಯೇ ಇಲ್ಲ. ಆದರೂ ಜನ ನೋಡಲು ಹೋದದ್ದು ಒಬ್ಬ ಮನುಷ್ಯನನ್ನು. ಆ ಒಂದುತನ ಇದ್ದದ್ದು ವೇಷದಲ್ಲೂ ಅಲ್ಲ, ನಡಿಗೆಯಲ್ಲೂ ಅಲ್ಲ, ಒಂದು ನಡತೆಯಲ್ಲಿ. ತೆರೆಯ ಮೇಲೆ ಕುಡಿಯುವುದು, ಸೇದುವುದು ಅವರ ರೀತಿಯಾಗಿರಲಿಲ್ಲ. ಪಾತ್ರ ಯಾವುದೇ ಇರಲಿ, ಈತ ಕೈಬಿಡುವುದಿಲ್ಲ ಎಂಬ ಭರವಸೆಯೊಂದು ಕಥೆಗೆ ಮೊದಲೇ ಇರುತ್ತಿತ್ತು.

ಅದೇ ಕಾರಣಕ್ಕೆ 1983ರಲ್ಲಿ ಅವರು ಹಿರಣ್ಯಕಶಿಪುವಾದಾಗ ಆದ ಅನುಭವ ಬೇರೆಯೇ. ಗುಬ್ಬಿ ಕಂಪನಿಯ ಕಾಲದಿಂದ ಪಳಗಿದ ಆ ದನಿ ಅಹಂಕಾರದ ಕಡೆಗೆ ತಿರುಗಿತ್ತು. ದನಿ ಅದೇ ಆಗಿದ್ದರಿಂದಲೇ ಅದು ತಿರುಗಿದ್ದು ಗೊತ್ತಾಯಿತು. ಪ್ರೇಕ್ಷಕರ ಮನಸ್ಸು ಈ ಒಂದುತನವನ್ನು ಎಷ್ಟರ ಮಟ್ಟಿಗೆ ಕಟ್ಟಿಕೊಳ್ಳುತ್ತದೆ ಎಂದರೆ, ಬಹಳ ಕಾಲ ಅವರ ಹಾಡಿನ ದನಿ ಪಿ.ಬಿ. ಶ್ರೀನಿವಾಸ್ ಅವರದ್ದಾಗಿತ್ತು, ಅದೂ ಅವರದ್ದೇ ಎನಿಸಿತು. 1974ರ ನಂತರ ಅವರೇ ಹಾಡತೊಡಗಿದಾಗ ಅದೂ ಸಹಜವಾಗಿ ಸೇರಿಕೊಂಡಿತು.

ಮನೋವಿಜ್ಞಾನ ವಿದ್ಯಾರ್ಥಿ

ನನ್ನದೊಂದು ನೇರ ಪ್ರಶ್ನೆ. ಕಟ್ಟಿದ ಸಾಮ್ಯ, ಸೋಮಾರಿ ಸಾಮ್ಯ ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಯಾವುದು ಯಾವುದೆಂದು ಗುರುತಿಸುವುದು ಹೇಗೆ?

ಹವ್ಯಾಸಿ ನಟಿ

ತಾಲೀಮಿನಲ್ಲಿ ಇದು ಬೇಗ ತಿಳಿಯುತ್ತದೆ. ನಟ ಮಾತನಾಡುತ್ತಿರುವಾಗ ಅವನನ್ನು ನೋಡಬೇಡಿ. ಎದುರಿನವರು ಮಾತನಾಡುತ್ತಿರುವಾಗ ನೋಡಿ. ಸೋಮಾರಿ ನಟ ತನ್ನ ಸರದಿಗಾಗಿ ಕಾಯುತ್ತಿರುತ್ತಾನೆ. ಮುಂದಿನ ಮಾತು ಅವನ ಮುಖದ ಮೇಲೆ ಮೊದಲೇ ಸಿದ್ಧವಾಗಿ ಕುಳಿತಿರುತ್ತದೆ, ಎದುರಿನವರು ಏನು ಹೇಳಿದರೂ ಅದು ಬದಲಾಗುವುದಿಲ್ಲ. ಜೀವಂತ ನಟ ಕೇಳಿಸಿಕೊಳ್ಳುತ್ತಿರುತ್ತಾನೆ. ಕೇಳಿಸಿಕೊಂಡದ್ದು ಅವನೊಳಗೆ ಇಳಿದು, ಅದರಿಂದ ಅವನ ಮಾತು ಹುಟ್ಟುತ್ತದೆ. ಆ ಮಾತು ಹೊರಬರುವ ದನಿ, ಕೈಯಾಡಿಸುವ ರೀತಿ ಹಳೆಯದಾಗಿದ್ದರೂ ಅದು ಈಗಷ್ಟೇ ಹುಟ್ಟಿದ ಮಾತು.

ಜಪಾನಿನ ನಟ ಚಿಶೂ ರ್ಯೂ ಅವರಲ್ಲಿ ನಾನು ಇದನ್ನು ಕಂಡಷ್ಟು ಬೇರೆಲ್ಲೂ ಕಂಡಿಲ್ಲ. ನಿರ್ದೇಶಕ ಓಜು ಅವರ ಬಹುತೇಕ ಎಲ್ಲ ಚಿತ್ರಗಳಲ್ಲೂ ಅವರಿದ್ದಾರೆ. 1949ರ ಚಿತ್ರದಲ್ಲಿ ಮಗಳ ಮದುವೆ ಮಾಡುವ ತಂದೆ, 1953ರ ಚಿತ್ರದಲ್ಲಿ ಮಕ್ಕಳ ಮನೆಗೆ ಬಂದು ಅಲ್ಲಿ ಹೆಚ್ಚಾದವರಾಗುವ ವೃದ್ಧ. ಆ ವೃದ್ಧನಾದಾಗ ಅವರಿಗೆ ಇನ್ನೂ ಐವತ್ತು ತುಂಬಿರಲಿಲ್ಲ. ಎರಡರಲ್ಲೂ ಅದೇ ಮೆಲುದನಿ, ಅದೇ ಮುಗುಳ್ನಗೆ, ಹೂಂ ಎಂದು ತಲೆಯಾಡಿಸುವ ಅದೇ ಬಗೆ. ಆದರೆ ಒಂದರಲ್ಲಿ ಆ ಹೂಂ ಮಗಳಿಗಾಗಿ ಹೇಳುವ ಸುಳ್ಳು, ಇನ್ನೊಂದರಲ್ಲಿ ಮಕ್ಕಳ ತಪ್ಪನ್ನು ಮುಚ್ಚಿಕೊಳ್ಳುವ ಔದಾರ್ಯ. ಇಷ್ಟು ಚಿಕ್ಕ ಶಬ್ದದಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಹಿಡಿಯಬೇಕಾದರೆ ಉಳಿದುದೆಲ್ಲ ಕದಲದೆ ಇರಬೇಕು.

ಸಂಕಲನಕಾರ

ಇದು ಅಕ್ಷರಶಃ ನಿಜ. ದೃಶ್ಯ ಜೋಡಿಸುವಾಗ ನಮ್ಮ ಕೈಹಿಡಿಯುವುದು ಮಾತಿನ ಶಾಟುಗಳಲ್ಲ, ಕೇಳಿಸಿಕೊಳ್ಳುವ ಶಾಟುಗಳು. ಕೇಳಿಸಿಕೊಳ್ಳಲು ಬಾರದ ನಟನ ದೃಶ್ಯದಲ್ಲಿ ಅವನು ಸುಮ್ಮನಿರುವ ಕಡೆಯೆಲ್ಲ ಕತ್ತರಿಸುತ್ತಾ ಹೋಗಬೇಕಾಗುತ್ತದೆ.

ಹಳೆಯ ರೀಲು

ಕೊನೆಗೊಂದು ಚಿತ್ರದ ವಿಷಯ ಹೇಳಬೇಕು. ಜಾನ್ ವೇನ್ 1976ರ ತಮ್ಮ ಕೊನೆಯ ಚಿತ್ರದಲ್ಲಿ ಕ್ಯಾನ್ಸರ್‌ನಿಂದ ಸಾಯುತ್ತಿರುವ ಹಳೆಯ ಬಂದೂಕುಗಾರನಾಗಿದ್ದರು. ಪಾತ್ರದ ಗತಕಾಲವನ್ನು ತೋರಿಸಲು ನಿರ್ದೇಶಕ ಡಾನ್ ಸೀಗಲ್ ಹೊಸ ದೃಶ್ಯಗಳನ್ನು ಚಿತ್ರಿಸಲಿಲ್ಲ. ವೇನ್ ಅವರ ಹಳೆಯ ಚಿತ್ರಗಳ ತುಣುಕುಗಳನ್ನೇ ಆರಂಭದಲ್ಲಿ ಜೋಡಿಸಿದರು. ಬೇರೆ ಬೇರೆ ಕಥೆಗಳ, ಬೇರೆ ಬೇರೆ ಹೆಸರಿನ ಆ ಮನುಷ್ಯರೆಲ್ಲ ಒಬ್ಬನೇ ಮನುಷ್ಯನ ಯೌವನವಾದರು. ಯಾರಿಗೂ ಅದು ಅಸಹಜ ಎನಿಸಲಿಲ್ಲ, ಏಕೆಂದರೆ ಪ್ರೇಕ್ಷಕರು ತಮ್ಮ ಮನಸ್ಸಿನಲ್ಲಿ ಆ ಜೋಡಣೆಯನ್ನು ಎಂದೋ ಮಾಡಿ ಮುಗಿಸಿದ್ದರು. ಮೂರು ವರ್ಷಗಳ ನಂತರ, 1979ರಲ್ಲಿ, ವೇನ್ ಕ್ಯಾನ್ಸರ್‌ನಿಂದಲೇ ತೀರಿಕೊಂಡರು.

ಹವ್ಯಾಸಿ ನಟಿ

ಅಂಥ ಜೋಡಣೆಯನ್ನು ಪಂಢರಿಬಾಯಿಯವರಿಗೆ ಯಾರಾದರೂ ಮಾಡಬೇಕಿತ್ತು. 1954ರ ಬೇಡರ ಕಣ್ಣಪ್ಪನಲ್ಲಿ ಅವರು ರಾಜ್‌ಕುಮಾರ್ ಎದುರು ನಾಯಕಿ. ಆಮೇಲೆ ಹಲವು ಭಾಷೆಗಳಲ್ಲಿ ತಾಯಿಯಾದರು, ಮತ್ತೆ ತಾಯಿಯಾದರು, ನಾಯಕ ನಾಯಕನಾಗಿಯೇ ಉಳಿದರು. ಆ ತಾಯಂದಿರ ದೃಶ್ಯಗಳನ್ನು ಸಾಲಾಗಿ ಇಟ್ಟು ನೋಡಿ. ಬರೆದುಕೊಟ್ಟದ್ದು ಹೆಚ್ಚುಕಡಿಮೆ ಒಂದೇ: ಅಳು, ಕಾಯುವಿಕೆ, ಕ್ಷಮೆ. ಅವರು ಮಾತ್ರ ಎದುರಿನ ಮಗನ ಮಾತನ್ನು ಪ್ರತಿ ಸಲವೂ ಹೊಸದಾಗಿ ಕೇಳಿಸಿಕೊಂಡಿದ್ದಾರೆ. ಸಂಕಲನಕಾರರೇ, ನಿಮಗೆ ಬಿಡುವಿದ್ದರೆ ಆ ಕೆಲಸ ಮಾಡಿ. ಯಾವ ಚಿತ್ರದ ಯಾವ ದೃಶ್ಯ ಎಂದು ಹುಡುಕಿಕೊಡಲು ನಾನು ಸಿದ್ಧ.